ಜವರಿ ಹಾಕಿದ ಗಂಟು

ಇತ್ತ ತಿರುಗಿ ಮಲಕ್ಕೋ ಮಗ. ಕಾಲು ಒದೀಬೇಡ, ಕಂಬಳಿ ಜಾರುತ್ತೆ. ಕತೆ ಬೇಕು ಅಂದ್ರೆ ನಡುನಡುವೆ ಬಾಯಿ ಹಾಕಬಾರ್ದು, ಹೂಂ ಅಂತಿರಬೇಕು ಅಷ್ಟೆ. ಅಂತೀಯಾ? ಸರಿ, ಕೇಳು.

ಒಂದಾನೊಂದು ಕಾಲದಲ್ಲಿ, ನಮ್ಮಜ್ಜಿಯ ಅಜ್ಜಿಗೆ ಇನ್ನೂ ಹಾಲುಹಲ್ಲು ಬಿದ್ದಿರದ ಕಾಲದಲ್ಲಿ, ಒಂದು ದೊಡ್ಡ ಹೊಳೆ, ಆ ಹೊಳೆ ದಡದಲ್ಲಿ ಬಲೆಕೊಪ್ಪಲು ಅಂತ ಬೆಸ್ತರ ಊರು ಇತ್ತಂತೆ. ಆ ಊರಲ್ಲಿ ಜವರಿ ಅಂತ ಒಬ್ಳು ಹೆಣ್ಣುಮಗಳು. ಅಪ್ಪ ಅವ್ವ ಇಬ್ರೂ ಒಂದೇ ವರ್ಷ ಚಳಿಜ್ವರ ಬಂದು ಹೋಗಿಬಿಟ್ಟಿದ್ರಂತೆ. ಇವಳಿಗೆ ಮೂರು ಜನ ತಮ್ಮಂದಿರು, ದೊಡ್ಡೋನು ಮೊಗ, ನಡುವಿನೋನು ಬೋರ, ಚಿಕ್ಕೋನು ಚೆಲುವ. ಮೂವರನ್ನೂ ಇವಳೇ ಸೊಂಟದ ಮೇಲೆ ಹೊತ್ತು, ಮುದ್ದೆ ಮುರಿದು ನುಂಗಿಸಿ, ಮೂಗು ಒರೆಸಿ ದೊಡ್ಡೋರು ಮಾಡಿದ್ಳಂತೆ. ಒಳ್ಳೇ ಹೆಂಗಸು, ಆದ್ರೆ ಬಾಯಿ ಅಂದ್ರೆ ಬಾಯಿ. ಅವಳು ಬಯ್ಯೋಕೆ ನಿಂತ್ರೆ ಆಚೆ ದಡದ ನಾಯಿ ಬಾಲ ಮುದುರಿಕೊಳ್ತಿತ್ತಂತೆ. ಮೀಸೆ ಬಂದ ಮೇಲೂ ಆ ಮೂರು ಗಂಡಸರು ಅಕ್ಕನ ಎದುರು ತಲೆ ಎತ್ತಿ ಮಾತಾಡ್ತಿರಲಿಲ್ಲವಂತೆ.

ಆ ಊರಿನ ಗಂಡಸರು ದೋಣಿ ಗೀಣಿ ಅಂತ ಹೋಗ್ತಿರಲಿಲ್ಲ. ಹೊಳೆಗೆ ಇಳಿದು, ಮಂಡಿಯುದ್ದ ಸೊಂಟದುದ್ದ ನೀರಲ್ಲಿ ನಡೆದು, ಬೀಸೋ ಬಲೆ ಬೀಸಿ ಮೀನು ಹಿಡೀತಿದ್ರಂತೆ. ಆ ಬಲೆ ಹೆಂಗಿರುತ್ತೆ ಗೊತ್ತಾ? ಅಂಚಿಗೆಲ್ಲ ಸೀಸದ ಗುಂಡು ಕಟ್ಟಿರ್ತಾರೆ, ಬೀಸಿದ್ರೆ ಅಗಲಕ್ಕೆ ಹರಡ್ಕೊಂಡು ಬಿದ್ದು ತಳ ಸೇರುತ್ತೆ. ಬಲೆಯ ನೆತ್ತಿಯಿಂದ ಒಂದು ಹಗ್ಗ ಬಂದಿರುತ್ತೆ, ಆ ಹಗ್ಗದ ತುದಿ ಬೀಸೋನ ಎಡಗೈ ಮಣಿಕಟ್ಟಿಗೆ. ಬೇರೆ ಊರಲ್ಲಿ ಆ ಹಗ್ಗಾನ ಅವರವರೇ ಕೈಗೆ ಸುತ್ಕೊಳ್ತಾರೆ. ಬಲೆಕೊಪ್ಪಲಲ್ಲಿ ಹಂಗಲ್ಲ. ಬೆಳಿಗ್ಗೆ ಹೊಸಲಲ್ಲಿ ನಿಂತು ಮನೆ ಹೆಣ್ಣುಮಗಳೇ ಕಟ್ಟಬೇಕು, ಮೂರು ಗಂಟು. ಒಂದು ಗಂಗಮ್ಮನ ಹೆಸರಲ್ಲಿ, ಒಂದು ಮನೆ ಒಲೆ ಹೆಸರಲ್ಲಿ, ಒಂದು ಅವಳ ಹೆಸರಲ್ಲಿ. ಅವನು ತಿರುಗಿ ಮನೆಗೆ ಬಂದ ಮೇಲೆ ಅವಳೇ ಬಿಚ್ಚಬೇಕು. ಬೇರೆ ಯಾರು ಬಿಚ್ಚಿದ್ರೂ ಕೊಯ್ದ್ರೂ ಹೊಳೆ ಮುನಿಸಿಕೊಳ್ಳುತ್ತೆ, ಆ ಮನೆ ಬಲೆಗೆ ಆ ವರ್ಷ ಒಂದು ಮರಿಮೀನೂ ಬೀಳಲ್ಲ ಅಂತ ನಂಬಿಕೆ. ಇನ್ನೊಂದು ಏನಪ್ಪಾ ಅಂದ್ರೆ, ನೀರಿಗೆ ಇಳಿಯೋವಾಗ ಕೈಲಿ ಕೋಲು ಹಿಡೀಬಾರ್ದಂತೆ. ಹೊಳೆ ಅಂದ್ರೆ ತಾಯಿ, ತಾಯಿ ಹೊಟ್ಟೆಗೆ ಯಾರಾದ್ರೂ ಕೋಲು ಚುಚ್ತಾರಾ ಅಂತ. ನೋಡು ಮಗ, ಎಷ್ಟು ಚೆಂದಾಗಿ ಕೇಳಿಸುತ್ತೆ! ಚೆಂದ ಕೇಳಿಸಿದ್ದಕ್ಕೇ ಯಾರೂ ಯೋಚನೆ ಮಾಡ್ಲಿಲ್ಲ.

ಜವರಿ ಗಂಟು ಅಂದ್ರೆ ಊರಿಗೆಲ್ಲ ಹೆಸರುವಾಸಿ. ಹಗ್ಗ ನೆನೆಸಿ, ಹಲ್ಲಲ್ಲಿ ಕಚ್ಚಿ ಎಳೆದು ಬಿಗಿಯೋಳು. ಜವರಿ ಗಂಟು ಬಿಚ್ಚೋಕೆ ಯಮನಿಗೂ ಆಗಲ್ಲ ಅಂತ ಹೆಂಗಸರು ಹೊಗಳೋರು, ಇವಳು ಉಬ್ಬೋಳು. ತಮ್ಮಂದಿರ ಮೇಲೆ ತನಗಿರೋ ಪ್ರೀತಿ ಎಲ್ಲ ಆ ಗಂಟಲ್ಲೇ ಇದೆ ಅಂದ್ಕೊಂಡಿದ್ಳು ಪಾಪ.

ಆಮೇಲೆ ಒಂದು ದಿನ ಮೊಗ ಬಲೆ ಹೆಗಲಿಗೆ ಹಾಕ್ಕೊಂಡು ಹೊಳೆಗೆ ಹೋದ್ನಂತೆ. ದಿನಾ ನಿಲ್ಲೋ ಜಾಗ, ಕಣ್ಣು ಮುಚ್ಕೊಂಡ್ರೂ ನಡೀತೀನಿ ಅನ್ನೋ ಧೈರ್ಯ. ಆದ್ರೆ ಹೋದ ಮಳೆಗಾಲದಲ್ಲಿ ಹೊಳೆ ಅಲ್ಲಿನ ಮರಳನ್ನೆಲ್ಲ ಕೊಚ್ಕೊಂಡು ಹೋಗಿತ್ತಂತೆ. ಮೇಲಿಂದ ನೋಡಿದ್ರೆ ಎಲ್ಲಾ ನೀರೂ ಒಂದೇ ಅಲ್ವಾ, ಇಲ್ಲಿ ಮಂಡಿಯುದ್ದ ಇಲ್ಲಿ ಆಳುದ್ದ ಅಂತ ಬರೆದಿಟ್ಟಿರುತ್ತಾ? ಒಂದು ಗೆಂಡೆ ಮೀನು ಪಳಕ್ಕಂತ ನೆಗೆದಿದ್ದನ್ನ ನೋಡಿದ, ಬಲೆ ಬೀಸಿದ, ಮೀನಿನ ಮೇಲೇ ಕಣ್ಣಿಟ್ಟು ಒಂದು ಹೆಜ್ಜೆ ಮುಂದಿಟ್ಟ, ಅಷ್ಟೇ! ಕಾಲ ಕೆಳಗೆ ತಳಾನೇ ಇಲ್ಲ! ದುಡುಂ ಅಂತ ಮುಳುಗಿದ. ಈಜೋಕೆ ಬರಲ್ವಾ ಅಂತ ಕೇಳ್ತೀಯಾ? ಬರ್ತಿತ್ತು ಕಣೋ, ಬೆಸ್ತರ ಮಗನಿಗೆ ಈಜು ಬರದೆ ಇರುತ್ತಾ? ಆದ್ರೆ ಬಲೆ ಹೋಗಿ ಕಲ್ಲಿಗೆ ಸಿಕ್ಕಾಕ್ಕೊಂಡಿತ್ತು, ಹಗ್ಗ ಕೈಗೆ ಬಿಗಿದಿತ್ತು. ಮೇಲಕ್ಕೆ ಬಂದ್ರೆ ಹಗ್ಗ ಜಗ್ಗುತ್ತೆ, ಮತ್ತೆ ಮುಳುಗ್ತಾನೆ, ಮತ್ತೆ ಬರ್ತಾನೆ, ಮತ್ತೆ ಮುಳುಗ್ತಾನೆ.

ಅದೇ ಹೊತ್ತಿಗೆ ಕಾಳವ್ವ ಅಂತ ಒಬ್ಳು ಮುದುಕಿ ಎಮ್ಮೆ ಹೊಡ್ಕೊಂಡು ಹೊಳೆ ದಾಟ್ತಾ ಇದ್ಳಂತೆ. ಅವಳು ಆಚೆ ದಡದೋಳು, ಬೆಸ್ತರಲ್ಲ. ದಿನಕ್ಕೆ ಎರಡು ಸಲ ಹೊಳೆ ದಾಟೋಳು, ಆಳುದ್ದ ಬಿದಿರುಕೋಲು ಹಿಡ್ಕೊಂಡೇ ಇಳಿಯೋಳು. ಬಲೆಕೊಪ್ಪಲೋರು ಅವಳನ್ನ ಮೂರು ಕಾಲಿನ ಮುದುಕಿ ಅಂತ ಆಡ್ಕೊಂಡು ನಗೋರು. ಆ ಮುದುಕಿ ಕೋಲು ಊರ್ಕೊಂಡು ಬಂದು, ಮೊಗನ ಕೈಗೆ ಕೋಲಿನ ತುದಿ ಕೊಟ್ಟು ಎಳೀತಾಳೆ, ಬರಲ್ಲ. ನೋಡ್ತಾಳೆ, ಕೈಯಲ್ಲಿ ಹಗ್ಗ. ಸೊಂಟದಲ್ಲಿ ಹುಲ್ಲು ಕೊಯ್ಯೋ ಕುಡುಗೋಲು ಇತ್ತಲ್ಲ, ಅದನ್ನ ತೆಗೆದು ಹಗ್ಗಾನ ಪಟ್ಟಂತ ಕೊಯ್ದಳಂತೆ. ಮೊಗ ಬದುಕ್ಕೊಂಡ.

ಮನೆಗೆ ಬಂದ. ಮೈಯೆಲ್ಲ ನಡುಕ, ಮಣಿಕಟ್ಟಿನ ಚರ್ಮ ಸುಲಿದು ರಕ್ತ ಸೋರ್ತಾ ಇದೆ, ಗೇಣುದ್ದದ ತುಂಡು ಹಗ್ಗ ನೇತಾಡ್ತಾ ಇದೆ. ಜವರಿ ನೋಡಿದಳಂತೆ. ಏನು ಕೇಳಿದ್ಳು ಗೊತ್ತಾ ಮಗ? ಏನಾಯ್ತೋ ಅನ್ನಲಿಲ್ಲ. ನೋವಾಯ್ತೇನೋ ಅನ್ನಲಿಲ್ಲ. ನನ್ನ ಗಂಟು ಕೊಯ್ದೋರು ಯಾರೋ ಅಂದ್ಳಂತೆ! ಅಯ್ಯೋ ಶಿವನೇ, ನನಗಂತೂ ಇಲ್ಲಿಗೆ ಬಂದಾಗೆಲ್ಲ ಮೈ ಉರಿಯುತ್ತೆ.

ಅಷ್ಟಕ್ಕೇ ಬಿಟ್ಳಾ? ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊಳೆ ದಡಕ್ಕೆ ಹೋಗಿ, ನನ್ನ ಗಂಟಿಗೆ ಕುಡುಗೋಲು ಹಾಕೋಕೆ ನೀನ್ಯಾವಳೇ, ನಮ್ಮನೆ ಅನ್ನಕ್ಕೆ ಕಲ್ಲು ಹಾಕಿದ್ಯಲ್ಲೇ ಅಂತ ಕಾಳವ್ವನ ಮೇಲೆ ಬಾಯಿ ಮಾಡಿದ್ಳಂತೆ. ಕಾಳವ್ವ ಎಮ್ಮೆ ಬಿಟ್ಟು ಎದುರಿಗೆ ಬಂದ್ಳು. ಆಮೇಲೆ, ಅಲ್ವೇ ಜವರಿ, ನಿನ್ನ ತಮ್ಮನ ಕೈ ನೋಡಿದ್ಯಾ ಅಂತ ಕೇಳಿದ್ಳಂತೆ. ಜವರಿ ಕಿವಿಗೇ ಹಾಕ್ಕೊಳ್ಳಲಿಲ್ಲ. ಊರ ಯಜಮಾನ ಮುಳ್ಳಯ್ಯನೂ ಸೇರ್ಕೊಂಡ. ಗಂಟು ಕೊಯ್ದಿದ್ದಾರೆ, ಕೇಡು ಕಾದಿದೆ, ಮೊಗ ಒಂದು ವರ್ಷ ಹೊಳೆಗೆ ಇಳಿಯೋ ಹಂಗಿಲ್ಲ, ಗಂಗಮ್ಮನಿಗೆ ತಂಬಿಟ್ಟಿನ ಆರತಿ ಆಗಬೇಕು ಅಂತ ತೀರ್ಮಾನ ಮಾಡಿದ್ನಂತೆ. ಒಂದು ಜೀವ ಉಳೀತಲ್ಲಾ ಅಂತ ಒಬ್ಬರ ಬಾಯಲ್ಲೂ ಬರಲಿಲ್ಲ.

ಹೂಂ ಅನ್ನು. ಕಣ್ಣು ಮುಚ್ಕೊಂಡೇ ಹೂಂ ಅನ್ನು.

ಆಮೇಲೆ ಬೋರನ ಸರದಿ. ಜವರಿ ಈ ಸಲ ಇನ್ನೂ ಬಿಗಿಯಾಗಿ ಕಟ್ಟಿದ್ಳಂತೆ, ಒಂದೊಂದು ಗಂಟಿಗೂ ಎರಡೆರಡು ಸುತ್ತು. ಬೋರ ಹೊಳೆಗೆ ಹೋದ. ನೆತ್ತಿ ಮೇಲೆ ಚುರುಗುಟ್ಟೋ ಬಿಸಿಲು, ಒಂದು ತುಂಡು ಮೋಡ ಇಲ್ಲ. ಹೊಳೆ ನಡುವೆ ನಿಂತು ಬಲೆ ಬೀಸಿದ, ಒಳ್ಳೇ ಬಾಳೆಮೀನು ಬಿತ್ತು. ಆಚೆ ದಡದಿಂದ ಕಾಳವ್ವ ಕೂಗಿದ್ಳಂತೆ, ಏ ಬೋರಾ, ನೀರಿನ ಬಣ್ಣ ತಿರುಗ್ತಾ ಇದೆ ನೋಡೋ, ಕಸಕಡ್ಡಿ ತೇಲ್ಕೊಂಡು ಬರ್ತಾ ಇದೆ, ನೊರೆ ಬರ್ತಾ ಇದೆ, ಮೇಲಕ್ಕೆ ಬಾರೋ! ಇಲ್ಲಿ ಬಿಸಿಲಿದ್ರೆ ಏನಾಯ್ತು ಮಗ, ಮೇಲೆ ಎಲ್ಲೋ ಬೆಟ್ಟದಲ್ಲಿ ಮಳೆ ಹುಯ್ದಿತ್ತು. ಬೋರನಿಗೆ ಕೇಳಿಸ್ತು. ಕಣ್ಣಿಗೂ ಕಾಣಿಸ್ತು, ತಿಳಿನೀರು ಕೆಂಪಾಗ್ತಾ ಇರೋದು. ಆದ್ರೆ ಬಲೆ ತಳ ಸೇರಿದೆ, ಕಲ್ಲಿಗೆ ಸಿಕ್ಕಿದೆ, ಕೈಗೆ ಗಂಟು. ಬಲೆ ಬಿಡಿಸ್ಕೊಂಡೇ ಹೋಗ್ತೀನಿ ಅಂತ ಜಗ್ಗಿದ, ಜಗ್ಗಿದ, ಅಷ್ಟರಲ್ಲಿ ಮಂಡಿಗಿದ್ದ ನೀರು ತೊಡೆಗೆ ಬಂತು, ತೊಡೆಗಿದ್ದದ್ದು ಎದೆಗೆ ಬಂತು, ಭರ್ರಂತ ಎತ್ಕೊಂಡು ಹೋಯ್ತು ನೋಡು! ಬಲೆ ಹರೀತು, ಅದೊಂದು ಪುಣ್ಯ. ಒಂದು ಕೂಗಳತೆ ದೂರ ಉರುಳ್ಕೊಂಡು ಹೋಗಿ ಯಾವುದೋ ಪೊದೆಗೆ ತಗಲ್ಕೊಂಡನಂತೆ.

ಹೊತ್ಕೊಂಡು ಬಂದ್ರು. ತಲೆತುಂಬ ಕೆಸರು, ಕಣ್ಣು ಮೇಲೆ ಸಿಕ್ಕಿದೆ, ಬಾಯಲ್ಲಿ ಮಾತಿಲ್ಲ. ಆ ದಿಗಿಲಿಗೆ ಮೂರು ದಿನ ಮಾತೇ ನಿಂತುಹೋಗಿತ್ತಂತೆ. ಹರಿದ ಬಲೆಯ ಚಿಂದಿ ಹಗ್ಗದ ಜೊತೆ ಎಳ್ಕೊಂಡು ಬಂದಿತ್ತು. ಜವರಿ ಅಳ್ತಾ ಅಳ್ತಾ ಬೋರನ ಕೈ ಎತ್ತಿ ಅಕ್ಕಪಕ್ಕದೋರಿಗೆ ತೋರಿಸಿದ್ಳಂತೆ. ನೋಡ್ರೇ, ಬಲೆ ಹರಿದುಹೋಯ್ತು, ನನ್ನ ಗಂಟು ಮಾತ್ರ ಅಲ್ಲಾಡಿಲ್ಲ, ನನ್ನ ಗಂಟೇ ಇವನನ್ನ ಕಾಪಾಡಿದ್ದು ಅಂದ್ಳಂತೆ! ಹೆಂಗಸರೆಲ್ಲ ಹೌದೌದು ಅಂತ ತಲೆ ಆಡಿಸಿದ್ರು. ಬೋರ ಅಕ್ಕನ ಮುಖಾನೇ ನೋಡ್ತಾ ಮಲಗಿದ್ದ. ಅವನಿಗೆ ಮಾತು ಇದ್ದಿದ್ರೂ ಹೇಳ್ತಿದ್ನೋ ಇಲ್ವೋ.

ಈಗ ಉಳಿದೋನು ಚೆಲುವ. ಅವ್ವ ಸತ್ತಾಗ ಅವನಿನ್ನೂ ಎದೆಹಾಲು ಬಿಟ್ಟಿರದ ಕೂಸು. ಜವರಿಗೆ ಅವನು ತಮ್ಮ ಅಲ್ಲ, ಮಗ ಅಂತಾನೇ ಅನ್ನಬೇಕು. ಅಣ್ಣಂದಿರಿಬ್ರೂ ಮನೇಲಿ ಬಿದ್ದಿದ್ದಾರೆ, ಮಡಕೇಲಿ ಹಿಟ್ಟಿಲ್ಲ, ನಾನು ಹೋಗ್ತೀನಕ್ಕ ಅಂದ. ಜವರಿಗೆ ಕಳಿಸೋಕೆ ಮನಸ್ಸಿಲ್ಲ. ಆದ್ರೂ ಕಟ್ಟಿದ್ಳು, ಗಂಟಿನ ಮೇಲೆ ಗಂಟು, ನೀರು ಹಾಕಿ, ಹಲ್ಲಲ್ಲಿ ಕಚ್ಚಿ. ಚೆಲುವ ಸ್ವಲ್ಪ ಸಡಿಲ ಮಾಡಕ್ಕ, ಕೈ ಜೋಮು ಹಿಡಿಯುತ್ತೆ ಅಂದ. ಸುಮ್ನಿರೋ, ನಿನಗೇನು ಗೊತ್ತು ಅಂತ ಗದರಿದ್ಳಂತೆ. ಅವನು ಬಲೆ ಹೆಗಲಿಗೆ ಹಾಕ್ಕೊಂಡು ಹೋದ.

ಹೊತ್ತು ನೆತ್ತಿಗೆ ಬಂದಿತ್ತು, ಜವರಿ ರಾಗಿ ಬೀಸ್ತಾ ಕೂತಿದ್ಳು. ಯಜಮಾನ ಮುಳ್ಳಯ್ಯನೇ ಓಡಿ ಬಂದ, ಏದುಸಿರು ಬಿಡ್ತಾ, ಜವರೀ, ಬೇಗ ಬಾ, ಚೆಲುವನ ಬಲೆ ನಡುಹೊಳೇಲಿ ಕಲ್ಲುಸಂದಿಗೆ ಸಿಕ್ಕಿದೆ, ಸೆಳವು ಅವನನ್ನ ಮಲಗಿಸಿಬಿಟ್ಟಿದೆ, ನೀನು ಬಂದು ಗಂಟು ಬಿಚ್ಚು ಅಂದ್ನಂತೆ.

ಕೇಳಿಸ್ಕೊಂಡ್ಯಾ ಮಗ? ಅಲ್ಲಿ ಒಬ್ಬ ನೀರು ಕುಡೀತಾ ಇದ್ದಾನೆ, ದಡದಲ್ಲಿ ಊರಿಗೆ ಊರೇ ನಿಂತಿದೆ, ಗಂಟು ಯಾರು ಮುಟ್ಟಬೇಕು ಅಂತ ವಾದ ಮಾಡ್ಕೊಂಡು, ಬಿಚ್ಚೋಕೆ ಅವರಕ್ಕನ್ನ ಕರ್ಕೊಂಡು ಬರೋಣ ಅಂತ ಮನೆಗೆ ಓಡಿ ಬಂದಿದ್ದಾರೆ! ಹೊಳೆಯಿಂದ ಮನೆಗೆ ಎಷ್ಟು ದೂರ, ಮನೆಯಿಂದ ಹೊಳೆಗೆ ಎಷ್ಟು ದೂರ! ಮುಟ್ಟಿದ್ರೆ ಜವರಿ ಬಾಯಿಗೆ ಸಿಕ್ಕಬೇಕಾಗುತ್ತೆ ಅಂತ ಎಲ್ಲರಿಗೂ ಹೆದರಿಕೆ. ಕಾಳವ್ವನ ಗತಿ ನೋಡಿದ್ರಲ್ಲ ಅವರು.

ಆ ಮಾತು ಕಿವಿಗೆ ಬಿದ್ದ ಕೂಡಲೇ ಜವರಿ ಬೀಸೋಕಲ್ಲಿನ ಗೂಟ ಬಿಟ್ಳಂತೆ. ನೀವು ಯಾಕೆ ಬಿಚ್ಚಲಿಲ್ಲ ಅಂದ್ಳಂತೆ. ನಿನ್ನ ಗಂಟಲ್ವಾ ಅಂದ ಮುಳ್ಳಯ್ಯ. ಅವಳು ಎದ್ದಳು, ಬಿದ್ದಳು, ಎದ್ದು ಓಡಿದ್ಳು.

ಹೊಳೆ ದಡಕ್ಕೆ ಬಂದು ನೋಡ್ತಾಳೆ, ಅಯ್ಯಯ್ಯಪ್ಪಾ! ನಡುಹೊಳೇಲಿ ಚೆಲುವನ ಎಡಗೈ ನೀರೊಳಗೆ ಹಗ್ಗಕ್ಕೆ ಚಾಚ್ಕೊಂಡಿದೆ, ಮೈಯನ್ನ ನೀರು ಕೆಳಕ್ಕೆ ಎಳೀತಾ ಇದೆ, ಮುಖ ಒಂದು ಸಲ ಕಾಣುತ್ತೆ, ಒಂದು ಸಲ ಕಾಣಲ್ಲ. ಕಂಡಾಗ ಬಾಯಿ ತೆರೆದು ಉಸಿರು ಎಳ್ಕೊಳ್ತಾನೆ. ಇಬ್ಬರು ಮೂವರು ಗಂಡಸರು ಇಳಿದು ನೋಡಿದ್ರಂತೆ, ಹಾಸುಗಲ್ಲಿನ ಪಾಚಿ ಮೇಲೆ ಕಾಲು ಜಾರಿ, ಮಂಡಿ ಕೆತ್ತಿಸ್ಕೊಂಡು ವಾಪಸ್ ಬಂದಿದ್ರು. ಜವರಿ ಹಂಗೇ ನೀರಿಗೆ ಧುಮುಕೋಕೆ ಹೋದ್ಳು. ಹಿಂದಿನಿಂದ ಯಾರೋ ಗಟ್ಟಿಯಾಗಿ ರಟ್ಟೆ ಹಿಡಿದ್ರು. ತಿರುಗಿ ನೋಡ್ತಾಳೆ, ಕೂಗು ಕೇಳಿ ಆಗಷ್ಟೇ ಓಡಿ ಬಂದ ಕಾಳವ್ವ.

ನೀನು ಹಿಂಗೆ ಹೋದ್ರೆ ಎರಡು ಹೆಣ ಎತ್ತಬೇಕಾಗುತ್ತೆ, ನನ್ನ ಮಾತು ಕೇಳ್ತೀಯಾ ಅಂದ್ಳಂತೆ ಆ ಮುದುಕಿ. ಬಯ್ಯಿಸ್ಕೊಂಡೋಳು ಕಣೋ ಅವಳು, ಊರ ಮುಂದೆ ಮಾನ ಕಳಕ್ಕೊಂಡೋಳು, ಆದ್ರೂ ಒಂದು ಕೊಂಕು ಮಾತು ಆಡಲಿಲ್ಲ. ಜವರಿ ಕೇಳ್ತೀನಿ ಅಂತ ತಲೆ ಆಡಿಸಿದ್ಳು. ಸೀರೆ ಎತ್ತಿ ಕಚ್ಚೆ ಹಾಕು, ಸೆರಗು ನೀರಲ್ಲಿ ಆಡಿದ್ರೆ ಅದೇ ಎಳ್ಕೊಂಡು ಹೋಗುತ್ತೆ ಅಂದ್ಳು, ಹಾಕಿದ್ಳು. ಅವನ ನೇರಕ್ಕೆ ಇಳೀಬಾರ್ದು, ನೀರು ನಮ್ಮನ್ನ ಕೆಳಕ್ಕೆ ತಳ್ಳುತ್ತೆ, ಮೇಲಿಂದ ಇಳಿದ್ರೆ ಅವನ ಹತ್ರ ಸೇರ್ತೀವಿ ಅಂತ ಮೇಲ್ಗಡೆಗೆ ಕರ್ಕೊಂಡು ಹೋದ್ಳು. ಕುಡುಗೋಲನ್ನ ಜವರಿ ಸೊಂಟಕ್ಕೆ ಸಿಕ್ಕಿಸಿದ್ಳು. ಆಮೇಲೆ ಬಿದಿರುಕೋಲನ್ನ ಅವಳ ಕೈಗೆ ಕೊಟ್ಟಳಂತೆ.

ದಡದಲ್ಲಿ ಹಾಹಾಕಾರ! ಜವರೀ, ಕೋಲು ಹಿಡೀಬೇಡ, ತಾಯಿ ಹೊಟ್ಟೆಗೆ ಚುಚ್ಚಬೇಡ ಅಂತ ಮುಳ್ಳಯ್ಯ ಎದೆ ಹೊಡ್ಕೊಳ್ತಾ ಇದ್ದಾನೆ. ಜವರಿ ಕೋಲನ್ನ ತಿರುಗಿ ಕಾಳವ್ವನ ಕಡೆ ಚಾಚಿದ್ಳು. ಹುಟ್ಟಿದಾಗಿಂದ ಕೇಳಿದ್ದ ಮಾತು ಅಲ್ವಾ? ಕಾಳವ್ವ ಅವಳ ಕಿವಿ ಹತ್ರ ಬಂದು, ಚುಚ್ಚೋದಲ್ಲ ಕಣೇ, ಅವ್ವಾ ಇಲ್ಲಿ ಕಾಲಿಡ್ಲಾ ಅಂತ ಕೇಳೋದು, ಅವಳು ಇಡು ಅಂದ ಮೇಲೆ ಕಾಲು ಇಡೋದು ಅಂದ್ಳಂತೆ. ಜವರಿ ಕೋಲು ಊರಿದ್ಳು.

ಒಬ್ಬರ ತೋಳಿಗೆ ಒಬ್ಬರು ತೋಳು ಹೆಣ್ಕೊಂಡು ಇಬ್ಬರು ಹೆಂಗಸರು ಇಳಿದ್ರಂತೆ. ಮೊದಲು ಸಿಕ್ಕಿದ್ದು ಪಾಚಿಗಲ್ಲು. ಕಾಲು ಎತ್ತಿ ಇಡಬೇಡ, ಉಜ್ಕೊಂಡು ಸರಿಸು, ಕಲ್ಲಿನ ಮೇಲೆ ನಿಲ್ಲಬೇಡ, ಕಲ್ಲಿನ ಪಕ್ಕದ ಮರಳಲ್ಲಿ ಕಾಲೂರು ಅಂತ ಕಾಳವ್ವ ಹೇಳಿದ್ಳು. ಹಂಗೇ ಸರಿಸಿದ್ಳು, ಕೋಲು ಮುಂದೆ, ಕಾಲು ಹಿಂದೆ. ಒಂದು ಕಡೆ ಕೋಲು ಊರಿದ್ರೆ ತಳವೇ ಸಿಗಲಿಲ್ಲ, ಅಲ್ಲಿಂದ ಬಳಸ್ಕೊಂಡು ಹೋದ್ರು. ಆಮೇಲೆ ಸಿಕ್ಕಿದ್ದು ಸೆಳವು. ತೊಡೆಗೆ ಬಂದು ಬಡಿಯುತ್ತೆ ಕಣೋ ಆ ನೀರು, ಎಮ್ಮೆ ಗುದ್ದಿದ ಹಂಗೆ. ಬೆನ್ನು ಕೊಡಬೇಡ, ನೀರು ಬರೋ ಕಡೆ ಮುಖ ಮಾಡು, ಕೋಲನ್ನ ಮುಂದೆ ಊರಿ ಅದರ ಮೇಲೆ ಒರಗು, ಅಡ್ಡಡ್ಡ ಸರಿ ಅಂದ್ಳು. ಸರಿದ್ರು, ಏಡಿ ಹಂಗೆ. ಜವರಿ ಅಲ್ಲಿವರೆಗೂ ಹೊಳೇಲಿ ಮಂಡಿ ದಾಟಿ ಇಳಿದೋಳೇ ಅಲ್ಲ. ಚೆಲುವನ ಮುಖ ಈಗ ಕಾಣೋದೇ ಅಪರೂಪ ಆಗಿತ್ತು.

ನಡುವೆ ಒಂದು ದೊಡ್ಡ ಬಂಡೆ. ಅಲ್ಲಿಗೆ ಬರೋ ಹೊತ್ತಿಗೆ ಮುದುಕಿಗೆ ಉಸಿರು ಹತ್ತಿತು. ಇನ್ನು ನನ್ನ ಕೈಲಾಗಲ್ಲ, ನಾಲ್ಕು ಮಾರು ನೀನೇ ಹೋಗಬೇಕು, ಕಾಲು ತಪ್ಪಿದ್ರೆ ನಿಲ್ಲೋಕೆ ಒದ್ದಾಡಬೇಡ, ಕಲ್ಲುಸಂದಿಗೆ ಪಾದ ಸಿಕ್ಕಿದ್ರೆ ಮುಗೀತು, ಅಂಗಾತ ಮಲಗಿಬಿಡು, ಕಾಲು ಮುಂದೆ, ತಲೆ ಹಿಂದೆ, ನೀರೇ ಕರ್ಕೊಂಡು ಹೋಗುತ್ತೆ ಅಂದ್ಳಂತೆ. ಜವರಿ ಎರಡು ಹೆಜ್ಜೆ ಸರಿಸಿದ್ಳು, ಮೂರನೇದಕ್ಕೆ ಕಾಲು ತಪ್ಪೇ ತಪ್ತು! ಕೋಲು ಕೈಬಿಟ್ಟು ಹೋಯ್ತು! ದಡದಲ್ಲಿ ಮೊಗ ಕಿಟಾರಂತ ಕಿರುಚಿದ. ಆದ್ರೆ ಜವರಿ ಮುದುಕಿ ಹೇಳಿದ್ದು ಮರೀಲಿಲ್ಲ, ಅಂಗಾತ ಮಲಗಿಬಿಟ್ಳು. ಕಣ್ಣಿಗೆ ಆಕಾಶ ಬಿಟ್ರೆ ಏನೂ ಕಾಣಿಸ್ತಿಲ್ಲ, ಕಿವಿತುಂಬ ನೀರಿನ ಸದ್ದು. ಕಾಲು ಹೋಗಿ ಒಂದು ಕಲ್ಲಿಗೆ ಮೆಲ್ಲಗೆ ತಾಗ್ತು. ಅದೇ ಕಲ್ಲಿನ ಸಂದೀಲಿ ಚೆಲುವನ ಬಲೆ.

ಕಲ್ಲು ತಬ್ಕೊಂಡು, ಇನ್ನೊಂದು ಕೈಲಿ ತಮ್ಮನ ಗದ್ದ ಎತ್ತಿ ಹಿಡಿದ್ಳು. ಅವನು ಕೆಮ್ಮಿದ. ಅವನ ತಲೆ ಹೆಗಲಿಗೆ ಒರಗಿಸ್ಕೊಂಡು ಗಂಟು ಬಿಚ್ಚೋಕೆ ನೋಡ್ತಾಳೆ, ಅಯ್ಯೋ, ಅದು ಅವಳೇ ಹಾಕಿದ ಗಂಟು! ನೆಂದು ಬಿಗಿದು ಕಲ್ಲಾಗಿದೆ. ಉಗುರು ಕಿತ್ತುಬಂತು, ಹಲ್ಲು ಹಾಕಿದ್ಳು, ಹಲ್ಲು ಅಲ್ಲಾಡ್ತು. ಯಮನೂ ಬಿಚ್ಚಲಾರದ ಗಂಟು ಅಂದಿದ್ರಲ್ಲ, ಹಾಕಿದೋಳೂ ಬಿಚ್ಚಲಾರದೆ ಹೋದ್ಳು. ಆಗ ಗೋಳೋ ಅಂತ ಅತ್ತುಬಿಟ್ಳಂತೆ. ಅವ್ವಾ ಗಂಗಮ್ಮಾ, ನಾನೇನು ತಪ್ಪು ಮಾಡ್ದೆ, ಈ ತಬ್ಬಲಿ ಮಗನ್ನ ಯಾಕೆ ಹಿಡ್ಕೊಂಡಿದ್ದೀಯ, ಬಿಟ್ಟುಬಿಡವ್ವ ಅಂದ್ಳಂತೆ.

ಆಗ ಆ ಕಲ್ಲುಸಂದಿಯಿಂದ ಹೊಳೆ ಮಾತಾಡ್ತಂತೆ ಮಗ. ನಾನೆಲ್ಲಿ ಹಿಡ್ಕೊಂಡಿದ್ದೀನವ್ವ? ಆಗಿನಿಂದ ನಾನು ಇವನನ್ನ ಕೆಳಗಿನ ಮರಳುದಿಬ್ಬಕ್ಕೆ ಸೇರಿಸೋಣ ಅಂತ ಎಳೀತಾನೇ ಇದ್ದೀನಿ. ಹಿಡ್ಕೊಂಡಿರೋಳು ನೀನು, ಕೈ ನೋಡು ಅಂತಂತೆ.

ಜವರಿ ಕೈ ನೋಡಿದ್ಳು. ಮೊದಲನೇ ಸಲ ನೋಡಿದ್ಳು. ಹಗ್ಗ ಮಾಂಸದೊಳಗೆ ಇಳಿದಿತ್ತು, ಬೆರಳೆಲ್ಲ ನೀಲಿ ತಿರುಗಿದ್ದವು. ಮೊಗನ ಕೈಯೂ ಹಿಂಗೇ ಇತ್ತು, ಬೋರನ ಕೈಯೂ ಹಿಂಗೇ ಇತ್ತು, ಮುಂದೆ ತಂದು ಹಿಡಿದ್ರೂ ನೋಡಿರಲಿಲ್ಲ ಇವಳು. ಸೊಂಟದ ಕುಡುಗೋಲು ತೆಗೆದ್ಳು. ಅವಳ ಕೈಯಾರೆ, ಅವಳು ಹಾಕಿದ ಗಂಟನ್ನ, ಒಂದೇ ಏಟಿಗೆ ಕೊಯ್ದಳಂತೆ. ಕೊಯ್ದದ್ದೇ ತಡ, ಹೊಳೆ ಇಬ್ಬರನ್ನೂ ಎತ್ಕೊಂಡು ಹೋಯ್ತು. ಅಂಗಾತ ಮಲಗೋ, ಕಾಲು ಮುಂದೆ ಮಾಡೋ ಅಂತ ಕೂಗ್ತಾ, ತಮ್ಮನ ಜುಟ್ಟು ಹಿಡ್ಕೊಂಡೇ ಹೋದ್ಳು. ಸ್ವಲ್ಪ ಕೆಳಗೆ ಮರಳುದಿಬ್ಬ. ಹೊಳೆ ಅಲ್ಲಿಗೆ ತಂದು ಇಬ್ಬರನ್ನೂ ಮೆತ್ತಗೆ ಬಿಡ್ತಂತೆ.

ಊರೋರೆಲ್ಲ ಓಡಿ ಬಂದ್ರು. ಕಾಳವ್ವನನ್ನೂ ಇಬ್ಬರು ಗಂಡಸರು ಹೋಗಿ ಕರ್ಕೊಂಡು ಬಂದ್ರು. ಚೆಲುವ ನೀರು ಕಕ್ಕಿದ, ಕಣ್ಣು ಬಿಟ್ಟ. ಮುಳ್ಳಯ್ಯ ಮೂಗಿನ ಮೇಲೆ ಬೆರಳಿಟ್ಕೊಂಡು, ಗಂಟು ಕೊಯ್ದುಬಿಟ್ಯಲ್ಲೇ, ಇದಕ್ಕೆ ಏನು ಪ್ರಾಯಶ್ಚಿತ್ತ ಅಂತ ಶುರು ಮಾಡಿದ. ಜವರಿ ತಿರುಗಿದ್ಳು ನೋಡು! ಮನೆಗೆ ಓಡಿ ಬರೋಕೆ ಕಾಲು ಇತ್ತು, ಕೈಲಿ ಇವನ ಗದ್ದ ಎತ್ತಿ ಹಿಡಿಯೋಕೆ ನಿನಗೇನು ಬರಬಾರದ್ದು ಬಂದಿತ್ತೋ ಯಜಮಾನ ಅಂದ್ಳಂತೆ. ಅವತ್ತು ಆ ಬಾಯಿ ಸರಿಯಾದ ಕಡೆಗೆ ತಿರುಗ್ತು.

ಆಮೇಲೆ ಜವರಿ ತಮ್ಮನ ಮೈ ಒರೆಸ್ತಾ ಇದ್ದಾಗ ಅವನ ಸೊಂಟದಲ್ಲಿ ಏನೋ ಗಟ್ಟಿಯಾಗಿ ತಾಗ್ತಂತೆ. ತೆಗೆದು ನೋಡ್ತಾಳೆ, ಮೀನು ಸೀಳೋ ಚೂರಿ! ಅವನ ಬಲಗೈ ಖಾಲಿನೇ ಇತ್ತಲ್ಲ. 'ಕೈಗೆ ಎಟುಕೋ ಜಾಗದಲ್ಲಿ ಚೂರಿ ಇತ್ತಲ್ಲೋ, ಯಾಕೋ ಕೊಯ್ಕೊಳ್ಳಲಿಲ್ಲ' ಅಂತ ಕೇಳಿದ್ಳು. ಚೆಲುವ ಮುಖ ಆ ಕಡೆ ತಿರುಗಿಸ್ಕೊಂಡು ಅಂದ್ನಂತೆ,

'ನೀನು ಬಯ್ತೀಯ ಅಂತ ಅಕ್ಕ.'

ಆಮೇಲೆ ಮೊಗನ ಹೆಗಲು ಹಿಡ್ಕೊಂಡು ಬಂದಿದ್ದ ಬೋರ, ಮೂರು ದಿನ ಮಾತು ನಿಂತಿದ್ದೋನು, ಮೆಲ್ಲಗೆ ಬಾಯಿ ಬಿಟ್ಟನಂತೆ. ನನ್ನ ಹತ್ರಾನೂ ಚೂರಿ ಇತ್ತಕ್ಕ, ನೀರು ಕೆಂಪಾದಾಗಲೇ ಕೊಯ್ದು ಬರಬಹುದಾಗಿತ್ತು ಅಂದ. ಮೊಗ ತಲೆ ತಗ್ಗಿಸ್ಕೊಂಡು, ಕಾಳವ್ವ ಕುಡುಗೋಲು ತೆಗೆದಾಗ ಬೇಡ ಬೇಡ ಅಂದಿದ್ದು ನಾನೇ, ಅವಳೇ ಕೇಳಲಿಲ್ಲ ಅಂದ. ಹೊಳೆಗೆ ಅಷ್ಟು ಹೆದರ್ಕೊಂಡ್ರೇನ್ರೋ ಅಂದ್ಳಂತೆ ಜವರಿ. ಮೂವರೂ ಒಬ್ಬರ ಮುಖ ಒಬ್ಬರು ನೋಡ್ಕೊಂಡ್ರು. ಹೊಳೆಗಲ್ಲ ಅಕ್ಕ ಅಂದ್ರು.

ಜವರಿ ಮರಳಲ್ಲಿ ಕುಸಿದು ಕೂತುಬಿಟ್ಳಂತೆ. ಮೂರು ಮಕ್ಕಳನ್ನ ಸಾಕಿದೋಳಿಗೆ, ಆ ಮಕ್ಕಳು ಸಾವಿಗಿಂತ ಹೆಚ್ಚಾಗಿ ತನಗೇ ಹೆದರ್ತಾ ಇದ್ರು ಅಂತ ಗೊತ್ತಾದ್ರೆ ಹೆಂಗಿರುತ್ತೆ ಹೇಳು? ಆಮೇಲೆ ಎದ್ದು ಕಾಳವ್ವನ ಹತ್ರ ಹೋಗಿ ಕಾಲು ಹಿಡಿದ್ಳು. ಏಳೇ ಹುಚ್ಚಿ, ಮೊದಲು ಆ ಹುಡುಗನ ಕೈಗೆ ಅರಿಶಿನ ಹಚ್ಚು ಅಂದ್ಳಂತೆ ಮುದುಕಿ.

ಅರಿಶಿನ ಹಚ್ಚಿದ್ಳು. ಮೂವರ ಕೈಗೂ ಹಚ್ಚಿದ್ಳು. ಗಾಯ ಮಾಯೋವರೆಗೆ ಹೊಳೆ ಕಡೆ ಕಳಿಸಲಿಲ್ಲ, ಕಾಳವ್ವನ ಮನೆಯಿಂದ ಹಾಲು ಮಜ್ಜಿಗೆ ಬರ್ತಿತ್ತಂತೆ. ಆಮೇಲೆ ಜವರಿ ಹೊಸ ಥರ ಗಂಟು ಹಾಕೋದು ಕಲಿತ್ಳು, ತುದಿ ಹಿಡಿದು ಒಂದು ಸಲ ಎಳೆದ್ರೆ ಸಾಕು, ಸರ್ರಂತ ಬಿಚ್ಚಿಕೊಳ್ಳೋದು. ಹೊಸಲಲ್ಲಿ ನಿಂತು ಕಟ್ಟಿ, ಎಳಿ ನೋಡೋಣ ಅನ್ನೋಳು. ಎಳೆದ್ರೆ ಬಿಚ್ಚೋದು. ಮತ್ತೆ ಕಟ್ಟಿ ಮತ್ತೆ ಎಳಿ ಅನ್ನೋಳು. ಹಿಂಗೆ ಮೂರು ಸಲ ಅವನ ಕೈಯಿಂದಾನೇ ಬಿಚ್ಚಿಸಿ, ನಾಲ್ಕನೇ ಸಲ ಕಟ್ಟಿ ಹೋಗ್ಬಾ ಅನ್ನೋಳಂತೆ. ಮೊದಮೊದಲು ಊರೋರು ಅಯ್ಯೋ ಅಂದ್ರು. ಆಮೇಲೆ ಒಬ್ಬೊಬ್ಬರೇ ಹೆಂಗಸರು ಸಂಜೆ ಹೊತ್ತು ಜವರಿ ಜಗಲಿಗೆ ಬಂದು, ಆ ಗಂಟು ಹೆಂಗೇ ಹಾಕೋದು ತೋರಿಸೇ ಅಂತ ಕೇಳೋಕೆ ಶುರು ಮಾಡಿದ್ರಂತೆ. ಪ್ರತಿ ಮನೆ ಬಾಗಿಲಿಗೂ ಒಂದೊಂದು ಬಿದಿರುಕೋಲು ಬಂತು. ಒಬ್ಬೊಬ್ಬರೇ ಹೋಗೋದು ಬಿಟ್ಟು ಇಬ್ಬಿಬ್ಬರು ಹೋಗೋಕೆ ಶುರು ಮಾಡಿದ್ರು.

ಚೆಲುವನಿಗೆ ಮದುವೆನೂ ಆಯ್ತು, ಒಳ್ಳೇ ಸೊಸೆ ಸಿಕ್ಕಿದ್ಳು. ಅದರ ಮುಂದಿನ ಮಳೆಗಾಲ ಕಳೆದ ಮೇಲೆ ಒಂದು ದಿನ ಅವನು ಹೊಳೆಯಿಂದ ಬೇಗ ಬಂದುಬಿಟ್ನಂತೆ, ಮೈಯೆಲ್ಲ ಒದ್ದೆ, ಹೆಗಲ ಮೇಲೆ ಬಲೆ ಇಲ್ಲ, ಕೈಲಿ ಹಗ್ಗಾನೂ ಇಲ್ಲ. ಆರು ತಿಂಗಳು ಕೂತು ಹೆಣೆದ ಬಲೆ ಅದು. ಒಳಗೆ ಬರೋಕೆ ಕಾಲು ಬರದೆ ಹೊಸಲಲ್ಲೇ ನಿಂತಿದ್ದ. ಬಲೆ ಕಲ್ಲಿಗೆ ಸಿಕ್ತು, ಬಿಟ್ಟು ಬಂದೆ ಅಕ್ಕ ಅಂದ. ಜವರಿ ಮುದ್ದೆ ತಿರುವ್ತಾ ಇದ್ದೋಳು ಎದ್ದು ಬಂದು, ಅವನ ಎರಡೂ ಕೈ ಹಿಡಿದು, ಆ ಕಡೆ ಈ ಕಡೆ ತಿರುಗಿಸಿ ನೋಡಿದ್ಳಂತೆ. ಒಂದು ಗೀರೂ ಇರಲಿಲ್ಲ. ಹೋದ್ರೆ ಹೋಯ್ತು ಬಿಡು, ಬಾ, ಮುದ್ದೆ ಆರಿಹೋಗುತ್ತೆ ಅಂದ್ಳಂತೆ.

ಅಲ್ಲಿಗೆ ಕತೆ ಮುಗೀತು. ಅವರು ಅಲ್ಲಿ ಬಿಸಿಬಿಸಿ ಉಂಡ್ರು, ನೀನು ಇಲ್ಲಿ ಬೆಚ್ಚಗೆ ಮಲಕ್ಕೋ.